ಪಾರಿವಾಳದ ಪಥ್ಯ

ಯಡಿಯೂರಿನ ತಿಮ್ಮರಾಯಪ್ಪನ ಹೊಲಗಳೆಲ್ಲ ಜಯನಗರದ ಸೈಟುಗಳಾದ ಮೇಲೆ ಅವನಿಗೆ ಉಳಿದದ್ದು ಮೂರು ಬಾಡಿಗೆ ಮನೆ, ಒಂದು ಜಗಲಿ. ನೇಗಿಲ ಹಿಂದೆ ನಡೆದ ಕಾಲುಗಳನ್ನು ಜಗಲಿಯ ಮೇಲೆ ಚಾಚಿ, ಬೀಡಿಯ ಕಿಡಿ ಆರದಂತೆ ನೋಡಿಕೊಳ್ಳುವುದೇ ಈಗ ಅವನ ಬೇಸಾಯ. ಊಟ ಮಾತ್ರ ಉಳುವ ಕಾಲದ್ದೇ: ಎರಡು ಮುದ್ದೆ, ಉಪ್ಪು ಮುಂದಾದ ಸಾರು, ಅಂಗೈ ತುಂಬ ಉಪ್ಪಿನಕಾಯಿ.

ಹೆಂಡತಿ ಅಕ್ಕಯಮ್ಮ ದಿನಾ ಬೆಳಿಗ್ಗೆ ಅವನ ಮುಖ ನೋಡುತ್ತಿದ್ದಳು. ಪ್ರೀತಿಗಲ್ಲ. ಮಾವನಿಗೆ ಲಕ್ವ ಹೊಡೆದು ಎಂಟು ವರ್ಷ ಮಂಚ ಹಿಡಿದಿದ್ದರು. ಆ ಎಂಟು ವರ್ಷವೂ ಬಳಿದು ತೊಳೆದವಳು ಇವಳು. ಇನ್ನೊಂದು ಎಂಟು ವರ್ಷಕ್ಕೆ ಅವಳ ಸೊಂಟ ತಯಾರಿರಲಿಲ್ಲ.

ಒಂದು ಸೋಮವಾರ ಕಾಫಿ ಕುಡಿಯುವಾಗ ಅವನ ಬಾಯಿ ಸೊಟ್ಟಗಾಯಿತು. ಕೈಯಿಂದ ಲೋಟ ಜಾರಿತು. ಅಕ್ಕಯಮ್ಮ ಪಕ್ಕದ ಬಾಡಿಗೆ ಮನೆಯ ಡಾಕ್ಟರು ವೆಂಕಟಾಚಲ ಅವರನ್ನು ಕರೆತಂದಳು. ನಾದಿನಿ ನಾರಾಯಣಮ್ಮ ತಲಘಟ್ಟಪುರದ ನಾಟಿ ವೈದ್ಯ ರಾಮಯ್ಯನಿಗೆ ಹೇಳಿಕಳಿಸಿದಳು.

ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಒತ್ತಿ, ಮುಖ ಗಂಟಿಕ್ಕಿದರು. "ರಕ್ತದ ಒತ್ತಡ ಇನ್ನೂರಿಪ್ಪತ್ತಿದೆ. ಈ ಸಲದ್ದು ಸಂಜೆಯೊಳಗೆ ತಾನೇ ಬಿಡಬಹುದು. ಮುಂದಿನ ಸಲದ್ದು ಬಿಡಲ್ಲ. ಉಪ್ಪು ಬಿಡಿಸಿ, ಬೀಡಿ ಬಿಡಿಸಿ, ನಡೆಸಿ. ಈ ಮಾತ್ರೆ ತಪ್ಪಿಸಬೇಡಿ, ಸರ್ಪಗಂಧದ ಬೇರಿನದು."

ಮಧ್ಯಾಹ್ನ ರಾಮಯ್ಯ ಪಾರಿವಾಳ ತಂದು ಕೊಯ್ದು, ಬಿಸಿ ರಕ್ತವನ್ನು ಕೆನ್ನೆಗೂ ತೋಳಿಗೂ ತಿಕ್ಕಿದ. ಸಂಜೆಗೆ ಬಾಯಿ ನೆಟ್ಟಗಾಯಿತು. ನೆಟ್ಟಗಾದ ಬಾಯಿಂದ ಬಂದ ಮೊದಲ ಮಾತು:

"ಆ ಡಾಕ್ಟರಿಗೆ ಬಾಡಿಗೆ ಜಾಸ್ತಿ ಮಾಡ್ಬೇಕು."

ಮಾತ್ರೆಯ ಪೊಟ್ಟಣ ಬೇಲಿಯಾಚೆ ಬಿತ್ತು. ಬೀಡಿ ಹೊತ್ತಿತು.

ಅಕ್ಕಯಮ್ಮ ಪೊಟ್ಟಣ ಹೆಕ್ಕಿಕೊಂಡು, ಮಾರನೆಯ ದಿನ ತಲಘಟ್ಟಪುರಕ್ಕೆ ಹೋದಳು.

"ರಾಮಯ್ಯಣ್ಣ, ನಿನ್ನ ಪಾರಿವಾಳಕ್ಕೆ ಪಥ್ಯ ಇಲ್ವಾ?"

"ಅದಕ್ಯಾವ ಪಥ್ಯ ಅಕ್ಕ, ಸ್ನಾನ ಮಾಡಿದ್ರೆ ಆಯ್ತು."

"ನಮ್ಮನೆಯವರು ಊರೆಲ್ಲ ನಿನ್ನ ಹೆಸರು ಹೇಳ್ಕೊಂಡು ತಿರುಗ್ತಿದ್ದಾರೆ. ನಾಳೆ ಮತ್ತೆ ಬಾಯಿ ತಿರುಗಿದ್ರೆ ಮೊದಲು ಹೋಗೋದು ನಿನ್ನ ಹೆಸರು."

ರಾಮಯ್ಯ ತಲೆ ಕೆರೆದುಕೊಂಡ. ಅವಳು ಪೊಟ್ಟಣ ಬಿಚ್ಚಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

"ಸರ್ಪಗಂಧನಾ? ನಮ್ಮಪ್ಪ ಹುಚ್ಚಿಗೆ ಕೊಡ್ತಿದ್ರು."

"ಇದೂ ಹುಚ್ಚೇ. ನಿನ್ನ ಕೈಯಿಂದಲೇ ಕೊಡು."

ಎರಡು ದಿನ ಬಿಟ್ಟು ರಾಮಯ್ಯ ಜಗಲಿಗೆ ಬಂದು, ಗಂಭೀರವಾಗಿ ಪಥ್ಯ ಹೇಳಿದ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಉಪ್ಪು ಮುಟ್ಟಬಾರದು. ಹೊಗೆ ಕಂಡರೆ ಪಾರಿವಾಳದ ರಕ್ತ ತಿರುಗಿಬೀಳುತ್ತದೆ. ದಿನಾ ಕೆರೆ ಸುತ್ತಿ ಪಾರಿವಾಳಗಳಿಗೆ ರಾಗಿ ಹಾಕಬೇಕು, ಸತ್ತದ್ದರ ಬಳಗದ ಕೋಪ ಇಳಿಯಬೇಕಲ್ಲ. ಜೊತೆಗೆ ಈ ಗುಳಿಗೆ.

ಡಾಕ್ಟರು ಹೇಳಿದಾಗ ಕಾಗದದಂತೆ ಹಾರಿಹೋದ ಮಾತು ಈಗ ಕಲ್ಲಿನಂತೆ ಕೂತಿತು. ತಿಮ್ಮರಾಯಪ್ಪ ಸಪ್ಪೆ ಸಾರು ನುಂಗಿದ, ಬೀಡಿಯ ಕಟ್ಟನ್ನು ತಂಗಿಯ ಗಂಡನಿಗೆ ಕೊಟ್ಟ, ಬೆಳಗಾದರೆ ರಾಗಿ ಹಿಡಿದು ಕೆರೆ ಸುತ್ತಿದ. ನಲವತ್ತನೆಯ ದಿನ ಡಾಕ್ಟರು ನೋಡಿದಾಗ ಒತ್ತಡ ನೂರ ಅರವತ್ತಕ್ಕೆ ಇಳಿದಿತ್ತು. ಅವರು ತಮ್ಮ ಔಷಧವನ್ನು ಮೆಚ್ಚಿಕೊಂಡರು. ಜಗಲಿಯ ಮೇಲೆ ಇವನು ಪಾರಿವಾಳವನ್ನು ಮೆಚ್ಚಿಕೊಂಡ.

"ಬಿಟ್ರೆ ಮತ್ತೆ ಏರುತ್ತೆ, ಇದು ಜನ್ಮಕ್ಕಂಟಿದ್ದು," ಎಂದು ಡಾಕ್ಟರು ಅಕ್ಕಯಮ್ಮನಿಗೆ ಹೇಳಿ ಹೋದರು.

ನಲವತ್ತೊಂಬತ್ತನೆಯ ಬೆಳಿಗ್ಗೆ ತಿಮ್ಮರಾಯಪ್ಪ ತಟ್ಟೆಯ ಮುಂದೆ ಮದುಮಗನಂತೆ ಕೂತ.

"ಮಂಡಲ ಮುಗೀತು. ತಾರೇ ಉಪ್ಪಿನಕಾಯಿ ಜಾಡಿ."

ಅಕ್ಕಯಮ್ಮ ಜಾಡಿ ತಂದಳು. ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ.

"ರಾಮಯ್ಯಣ್ಣ ಒಂದು ಮಾತು ಹೇಳ್ದ. ನಿಮಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ."

"ಏನು?"

"ಅವತ್ತು ಕೊಯ್ದದ್ದು ಹೆಣ್ಣಂತೆ. ಗೂಡಲ್ಲಿ ಎರಡು ಮೊಟ್ಟೆ ಇತ್ತಂತೆ. ಮೊಟ್ಟೆಗೊಂದು ಮಂಡಲ."

ತಿಮ್ಮರಾಯಪ್ಪ ಜಾಡಿಯನ್ನು ನೋಡಿದ, ಕೆನ್ನೆ ಮುಟ್ಟಿಕೊಂಡ.

"ಅವು ಮರಿಯಾಗಿ, ಆ ಮರಿಗಳೂ ಮೊಟ್ಟೆ ಇಡ್ತಿದ್ವಲ್ಲೇ..." ಎಂದ, ದನಿ ಇಳಿಸಿ.

ಅಷ್ಟು ದೂರ ಅಕ್ಕಯಮ್ಮ ಯೋಚಿಸಿರಲಿಲ್ಲ.

"ಹೌದಲ್ವಾ," ಎಂದು ಜಾಡಿಯನ್ನು ಒಳಗಿಟ್ಟಳು.