ಎರಡು ಸಲ ಒತ್ತುವ ಬ್ರೇಕು

"ಒತ್ತು. ಹಾಗೇ ಹಿಡ್ಕೋ. ಬಿಡಬೇಡ ಅಂದ್ನಲ್ಲಾ!"

"ಬಿಟ್ಟಿಲ್ಲ, ನೋಂಗ್. ಅದೇ ಕೆಳಗೆ ಹೋಗ್ತಿದೆ."

ಮೆಕ್ಯಾನಿಕ್ ತಿಯೊಪಿಸ್ತೊ ಮುಂದಿನ ಚಕ್ರದ ಹಿಂದಿದ್ದ, ಗಾಳಿ ಹೊರಬಿಡುವ ನಿಪ್ಪಲ್ಲನ್ನು ಬಿಗಿ ಮಾಡಿ ಗಾಡಿಯಡಿಯಿಂದ ತೆವಳಿ ಹೊರಬಂದ. ಹಿರಿಯನೆಂದು ಅವನನ್ನು ನೋಂಗ್ ಎನ್ನುತ್ತಿದ್ದ ಲುದಿವಿನಾ ಸೀಟಿನಲ್ಲಿ ಕೂತು ಮತ್ತೊಮ್ಮೆ ಪೆಡಲ್ ಮೆಟ್ಟಿದಳು. ಕೊಳೆತ ಹಲಸಿನ ಮೇಲೆ ಕಾಲಿಟ್ಟ ಹಾಗೆ ಅದು ಮೆತ್ತಗೆ ಇಳಿದು ತಳ ಮುಟ್ಟಿತು. ಬ್ರೇಕಿನ ಆಯಿಲ್‌ನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವುದರಲ್ಲೇ ನಾಲ್ಕನೇ ಬಾಟಲಿ ಬ್ರೇಕ್ ಆಯಿಲ್ ಮುಗಿದಿತ್ತು.

"ಹೊಲಿಗೆ ಮಶೀನ್ ತುಳಿದಂಗೆ ತುಳಿದ್ರೆ ಗಾಳಿ ಹೆಂಗೆ ಹೋಗುತ್ತೆ, ಇಂದಾಯ್? ಎರಡು ಸಲ ಒತ್ತು, ಪೆಡಲ್ ಮೇಲೆ ಬರುತ್ತೆ. ಎಲ್ರೂ ಹಂಗೇ ಓಡ್ಸೋದು." ಅವನಿಗೆ ಕಿರಿಯ ಹೆಣ್ಣುಮಕ್ಕಳೆಲ್ಲ ಇಂದಾಯ್.

ಜಪಾನಿನಿಂದ ಹಡಗಿನಲ್ಲಿ ಬರುವ ಹಳೆಯ ಪುಟ್ಟ ಲಾರಿಗಳ ಸ್ಟೀರಿಂಗ್ ಬಲಗಡೆ. ಅದನ್ನು ಎಡಕ್ಕೆ ತಂದು, ಹಿಂದೆ ಎರಡು ಬೆಂಚು ಹಾಕಿ ಕೊಡುವುದರಲ್ಲಿ ಸೆಬು ಊರಿಗೆಲ್ಲ ತಿಯೊಪಿಸ್ತೊನದು ಎತ್ತಿದ ಕೈ. ಜನರನ್ನು ತುಂಬಿಕೊಂಡು ಬುಸಾಯ್ ಗುಡ್ಡ ಇಳಿಯುವ ಗಾಡಿಗಳಲ್ಲಿ ಹನ್ನೊಂದು ಅವನ ಕೈಯಲ್ಲೇ ಮಗ್ಗುಲು ಬದಲಿಸಿದವು. ಲುದಿವಿನಾಳದು ಹನ್ನೆರಡನೆಯದು.

ಎಲ್ಲರೂ ಹಾಗೇ ಓಡಿಸುತ್ತಾರೆ. ಅವಳ ತಮ್ಮ ಗೌದೆನ್ಸಿಯೊ ಕೂಡ ತಿಯೊಪಿಸ್ತೊ ಮಾಡಿಕೊಟ್ಟ ಗಾಡಿಯನ್ನು ಹಾಗೇ ಓಡಿಸುತ್ತಿದ್ದ. ಹೋದ ವರ್ಷ ಒಂದು ತಿರುವಿನಲ್ಲಿ ಎರಡನೆಯ ಸಲ ಒತ್ತಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ಪುಣ್ಯಕ್ಕೆ ಗಾಡಿ ಖಾಲಿಯಿತ್ತು. ತೊಡೆ ಮುರಿದುಕೊಂಡು ಕಮರಿಯಿಂದ ಹೊರಬಂದವನು ಪೆಡಲ್ ಕೆಳಗೆ ಹೋಯಿತೆಂದ. ಕಳ್ಳು ಕುಡಿದಿದ್ದಾನೆ ಎಂದರು ಜನ. ಆ ಮಾತನ್ನು ಮೊದಲು ಆಡಿದವನು ಇದೇ ತಿಯೊಪಿಸ್ತೊ. ಡ್ರೈವರುಗಳ ಸಂಘ ಗೌದೆನ್ಸಿಯೊನ ಹೆಸರು ಹೊಡೆದು ಹಾಕಿತ್ತು. ಅವನ ಹೆಂಡತಿ ಕೂಡ ಅವನ ಬಾಯಿ ಮೂಸಿ ನೋಡುತ್ತಿದ್ದಳು.

ಲುದಿವಿನಾ ಸೀಟಿನಿಂದ ಇಳಿದಳು. "ಎಲ್ಲೂ ಸೋರ್ತಿಲ್ಲ. ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಹೊಸದು. ಹಿಂದಿನ ಡ್ರಮ್ ಬಿಗಿ ಮಾಡಿದ್ದೀರಿ. ಹಾಗಾದ್ರೆ ಗಾಳಿ ಎಲ್ಲಿದೆ?"

"ನಿನ್ನ ತಲೇಲಿ."

ಅವಳು ಮುಂದಿನ ಚಕ್ರಗಳಿಗೆ ಆಯಿಲ್ ಒಯ್ಯುವ ಎರಡು ರಬ್ಬರ್ ಕೊಳವೆಗಳಿಗೂ ಬಟ್ಟೆ ಸುತ್ತಿ ಇಕ್ಕಳದಿಂದ ಅಮುಕಿ ಕಟ್ಟಿದಳು. ಪೆಡಲ್ ಒತ್ತಿದಳು. ಕಲ್ಲಿನಂತೆ ಗಟ್ಟಿ! ಅಂದರೆ ಗಾಳಿ ಇರುವುದು ಕೊಳವೆಯಿಂದಾಚೆಗೆ, ಮುಂದಿನ ಚಕ್ರಗಳಲ್ಲೇ.

ಅವಳು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದಳು. ಚಕ್ರದ ತಟ್ಟೆಯನ್ನು ಅಮುಕಿ ಹಿಡಿಯುವ ಬ್ರೇಕಿನ ಕ್ಯಾಲಿಪರ್‌ನಲ್ಲಿ ನಿಪ್ಪಲ್ ಕೆಳಗಡೆ, ರಸ್ತೆಯತ್ತ ಮುಖ ಮಾಡಿತ್ತು. ಪಕ್ಕದಲ್ಲೇ ಹಡಗಿನಿಂದ ಇಳಿದು ಇನ್ನೂ ಯಾರೂ ಕೈ ಹಚ್ಚದ ಇನ್ನೊಂದು ಗಾಡಿ ನಿಂತಿತ್ತು. ಎದ್ದು ಹೋಗಿ ಅದರ ಚಕ್ರದ ಹಿಂದೆಯೂ ಇಣುಕಿದಳು. ಅಲ್ಲಿ ನಿಪ್ಪಲ್ ಮೇಲಿತ್ತು.

"ನೋಂಗ್, ಗಾಳಿ ಮೇಲೆ ನಿಲ್ಲುತ್ತೋ ಕೆಳಗೋ?"

"ಇದೇನು ಕೇಳೋ ಮಾತಾ?"

"ಎಡಗಡೆ ಕ್ಯಾಲಿಪರ್ ಬಲಕ್ಕೆ ಹಾಕಿದ್ದೀರಿ, ಬಲಗಡೇದು ಎಡಕ್ಕೆ. ಗಾಳಿ ಹೋಗೋ ತೂತು ಕೆಳಗೆ ಬಂದಿದೆ. ಗಾಳಿ ಮೇಲೆ ಆರಾಮಾಗಿ ಕೂತಿದೆ."

ತಿಯೊಪಿಸ್ತೊ ಕೈ ಒರೆಸಿಕೊಂಡ. "ಸ್ಟೀರಿಂಗ್ ಈ ಕಡೆ ಬಂದ್ಮೇಲೆ ಎಲ್ಲಾನೂ ಅದಲು ಬದಲು ಮಾಡ್ಬೇಕಲ್ಲಾ..."

"ಡ್ರೈವರ್ ಎಲ್ಲಿ ಕೂತಿದಾನೆ ಅಂತ ಚಕ್ರಕ್ಕೇನು ಗೊತ್ತು? ಹನ್ನೊಂದಕ್ಕೂ ಹೀಗೇ ಮಾಡಿದ್ರಾ?"

ಅವಳೇ ಎರಡೂ ಕ್ಯಾಲಿಪರ್ ಬಿಚ್ಚಿ ಅದರದರ ಜಾಗಕ್ಕೆ ಕೂರಿಸಿ, ಇಕ್ಕಳ ಬಿಚ್ಚಿದಳು.

"ಈಗ ನೀವು ಹತ್ತಿ. ಹೊಲಿಗೆ ಮಶೀನ್ ತುಳಿದಂಗೆ ತುಳೀಬೇಡಿ."

ಅವನು ಒತ್ತಿದ. ಅವಳು ನಿಪ್ಪಲ್ ತೆರೆದದ್ದೇ ತಡ, ಆಯಿಲ್ ಜೊತೆ ಗಾಳಿ ಬುಳುಬುಳು ಉಗುಳಿಕೊಂಡು ಬಂತು. ಎರಡೂ ಕಡೆ ಮುಗಿಯುವ ಹೊತ್ತಿಗೆ ಪೆಡಲ್ ಅರ್ಧದಲ್ಲೇ ಗಟ್ಟಿಯಾಗಿ ನಿಂತಿತು.

ತಿಯೊಪಿಸ್ತೊ ಇಳಿದು ಬಂದು ದನಿ ತಗ್ಗಿಸಿದ. "ಇಂದಾಯ್, ಉಳಿದ ಗಾಡಿಗಳನ್ನ ನಾನೇ ಒಂದೊಂದಾಗಿ ಕರೆಸಿ ಸರಿ ಮಾಡ್ತೀನಿ, ಸರ್ವಿಸ್ ನೆಪದಲ್ಲಿ. ನಿನ್ನ ತಮ್ಮನಿಗೆ ನಾಳೆಯಿಂದ ಇಲ್ಲೇ ಕೆಲಸ. ಕೂತು ಮಾಡೋ ಕೆಲಸ, ಕಾಲಿಗೆ ತ್ರಾಸಿಲ್ಲ. ಸಂಘದಲ್ಲಿ ಮಾತ್ರ ಇದನ್ನ ಎತ್ತಬೇಡ. ಆಯ್ತಾ?"

ಲುದಿವಿನಾ ಸ್ಪ್ಯಾನರನ್ನು ಅವನ ಅಂಗೈಯಲ್ಲಿಟ್ಟಳು.

"ಆಗಲ್ಲ," ಎಂದಳು.