ಆಮೆ ಅಳಿಸಿಹೋದ ಮಧ್ಯಾಹ್ನ

ನಾದಿನಿಗೆ ಕೆಲಸ ಸಿಕ್ಕಿದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನು. ಒಳ್ಳೆಯ ಮನಸ್ಸು ಅಂತ ಹೇಳಿಕೊಳ್ಳಬಹುದು. ಆದರೆ ನಿಜ ಏನೆಂದರೆ, ಏಳು ತಿಂಗಳಿಂದ ಅವಳ ಮಡಚುವ ಮಂಚ ಮಗಳ ಕೋಣೆಯ ಬಾಗಿಲಿಗೆ ಅಡ್ಡ ಬಿದ್ದುಕೊಂಡು, ಬೆಳಿಗ್ಗೆ ಸ್ಕೂಲ್ ಬ್ಯಾಗು ಹೊರಗೆ ತರಬೇಕಾದರೆ ನಾನು ಅದನ್ನು ಹತ್ತಿ ಇಳಿಯಬೇಕಾಗಿತ್ತು. ಈ ಕೆಲಸದಲ್ಲಿ ನೆಲೆನಿಂತರೆ ಅವಳಿಗೊಂದು ಸ್ವಂತ ಕೋಣೆ, ನನಗೊಂದು ನೆಟ್ಟಗಿನ ದಾರಿ.

ಅವಳ ಹಿಂದಿನ ಎರಡು ಕೆಲಸಗಳ ಕಥೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಬಡಿಸುವ ಪದಾರ್ಥ. ಬೇಕರಿಯಲ್ಲಿದ್ದಾಗ ಮದುವೆಯ ಕೇಕಿನ ಮೇಲೆ ‘ಬೇಗ ಗುಣವಾಗಿ’ ಎಂದು ಬರೆದು ಕಳಿಸಿದ್ದಳು. ಕೊರಿಯರ್ ಆಫೀಸಿನಲ್ಲಿದ್ದಾಗ ಒಂದು ದೊಡ್ಡ ಪಾರ್ಸೆಲ್ಲನ್ನು ಯಾರು ಕಳಿಸಿದ್ದರೋ ಅವರ ಮನೆಗೇ ಮುಟ್ಟಿಸಿ, ರುಜು ಹಾಕಿಸಿಕೊಂಡು ಬಂದಿದ್ದಳು. ಹಾಗಾಗಿ ಪ್ರಾಣಿಗಳ ಆಸ್ಪತ್ರೆಯ ಕೌಂಟರಿನಲ್ಲಿ ಜಾಗ ಖಾಲಿಯಿದೆ ಎಂದಾಗ ನಾನೇ ಮಾತು ಕೊಟ್ಟು ಸೇರಿಸಿದೆ. ಆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ನಮ್ಮ ಕಂಪನಿಯದು. ಅದರ ಡೇಟಾಬೇಸ್ ನೋಡಿಕೊಳ್ಳುವವಳು ನಾನು. ನೋಡಿಕೊಳ್ಳುವುದೆಂದರೆ, ಯಂತ್ರ ಎಲ್ಲಿದೆಯೋ ನಾನು ಕಂಡವಳಲ್ಲ. ದೊಡ್ಡ ಕಂಪನಿಯೊಂದು ಎಲ್ಲೋ ಇಟ್ಟುಕೊಂಡು, ಗಾಳಿ ಬೀಸಿ, ಧೂಳು ಹೊಡೆದು ಸಾಕುತ್ತದೆ. ನಾನು ಬಾಡಿಗೆಯವಳ ಹಾಗೆ ಕಿಟಕಿಯಿಂದ ಇಣುಕುತ್ತೇನೆ.

ಐದು ವಾರ ಎಲ್ಲ ಚೆನ್ನಾಗಿತ್ತು, ಅಥವಾ ಹಾಗೆಂದುಕೊಂಡಿದ್ದೆವು. ಆರನೆಯ ವಾರದ ಗುರುವಾರ ಡಾಕ್ಟರಮ್ಮ ಫೋನ್ ಮಾಡಿದರು.

“ನಿಮ್ಮ ಮೇಲಿನ ಗೌರವಕ್ಕೆ ಇಷ್ಟು ದಿನ ಸುಮ್ನಿದ್ದೆ,” ಎಂದರು. “ಅಪಾಯಿಂಟ್‌ಮೆಂಟ್‌ಗಳು ಮಾಯ ಆಗ್ತಿವೆ. ಎಲ್ಲಾ ಅಲ್ಲ, ಅಲ್ಲೊಂದು ಇಲ್ಲೊಂದು. ಇವತ್ತು ಗಿಳಿ ತಾತ ಪಂಜರ ಹಿಡ್ಕೊಂಡು ಬಂದ್ರು. ಚೀಟಿ ಇದೆ, ನಿಮ್ಮ ಹುಡುಗೀದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಗಿಳಿ ಇಲ್ಲ. ನಿನ್ನೆ ಬೆಳಿಗ್ಗೆ ನಾನೇ ಕಣ್ಣಾರೆ ನೋಡಿದ್ದೆ, ಇತ್ತು. ಆ ಜಾಗಕ್ಕೆ ಯಾವುದೋ ನಾಯಿ ಬಂದು ಕೂತಿದೆ. ಗಿಳಿಗೆ ರೆಕ್ಕೆ ಮುರಿದಿದೆ, ತಾತ ನನಗೆ ಬೈದ ಬೈಗುಳಾನ ಗಿಳಿ ಕಲಿತುಬಿಟ್ಟಿದೆ.”

“ಸಾಫ್ಟ್‌ವೇರ್ ತೊಂದರೆ ಇರಬಹುದು ಡಾಕ್ಟ್ರೇ.”

“ಹೋದ ವರ್ಷ ಪೂರ್ತಿ ಇರಲಿಲ್ವಲ್ಲ? ಇವಳು ಬಂದ ಮೇಲೇ ಶುರು. ನಾಳೆ ಸಂಜೆ ಒಳಗೆ ಏನು ಅಂತ ಹೇಳಿ. ಇಲ್ದಿದ್ರೆ ಸೋಮವಾರದಿಂದ ಬರೋದು ಬೇಡ ಅಂತ ನಾನು ಹೇಳ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರಿಗಿಂತ ಮೊದಲು ನನಗೆ ಬಂದದ್ದು ಮದುವೆಯ ಕೇಕಿನ ನೆನಪು.

ಸಂಜೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಪಕ್ಕದಲ್ಲಿ ನಾದಿನಿ ಬಟಾಣಿ ಬಿಡಿಸುತ್ತ ಕೂತಳು. ಅತ್ತು ಕಣ್ಣು ಊದಿತ್ತು, ಆದರೂ ಕೈ ನಿಂತಿರಲಿಲ್ಲ. ನಾನು ಲಾಗ್ ತೆಗೆದೆ. ಲಾಗ್ ಎಂದರೆ ಡೇಟಾಬೇಸು ತನ್ನಷ್ಟಕ್ಕೆ ಬರೆದುಕೊಳ್ಳುವ ದಿನಚರಿ: ಯಾರು ಬಂದರು, ಏನು ಕೇಳಿದರು, ಏನು ಬದಲಿಸಿದರು, ಎಷ್ಟು ಹೊತ್ತಿಗೆ ಹೋದರು.

“ಅತ್ತಿಗೆ, ಇದು ನಮ್ಮ ಎದುರು ಮನೆ ಆಂಟಿ ಥರಾನೇ ಅಲ್ವಾ?” ಎಂದು ಅವಳು ಬಗ್ಗಿದಳು.

“ಆಂಟಿ ಇದಕ್ಕಿಂತ ಚೆನ್ನಾಗಿ ಬರೀತಾರೆ.”

ತಮಾಷೆಗೆ ಹೇಳಿದ್ದಲ್ಲ. ಬುಧವಾರದ ಲಾಗ್ ಪೂರ್ತಿ ಜಾಲಾಡಿದೆ. ಗಿಳಿಯನ್ನು ಅಳಿಸಿದ ಸಾಲೇ ಇರಲಿಲ್ಲ. ಯಾಕೆಂದರೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸಗಳನ್ನಷ್ಟೇ ಬರೆದುಕೋ, ಮಿಕ್ಕದ್ದು ಬೇಡ ಎಂದು ಅದಕ್ಕೆ ಹೇಳಿಟ್ಟವಳು ನಾನೇ. ಓದುವ ಸಾಲು ಕಡಿಮೆಯಾದರೆ ಸಂಜೆ ಸೀಟಿನಿಂದ ಬೇಗ ಏಳಬಹುದು ಎಂಬ ಲೆಕ್ಕ. ಗಿಳಿಯನ್ನು ಅಳಿಸುವುದಕ್ಕೆ ಐದು ಸೆಕೆಂಡು ಯಾಕೆ ಬೇಕು, ಕಣ್ಣು ಮಿಟುಕಿಸುವಷ್ಟು ಸಾಕು.

“ಅಂದ್ರೆ ಕಳ್ಳ ನಿಧಾನಕ್ಕೆ ನಡೆದ್ರೆ ಮಾತ್ರ ಬರ್ಕೊಳ್ಳುತ್ತಾ? ಓಡಿದ್ರೆ ಇಲ್ವಾ?” ನಾದಿನಿ ಕೇಳಿದಳು.

“ಹೂಂ.”

“ಯಾರಪ್ಪ ಇಂಥಾ ಬುದ್ಧಿವಂತರು!”

ನಾನು ಕೇಳಿಸದವಳಂತೆ ಸೆಟ್ಟಿಂಗ್ ಬದಲಿಸಿದೆ: ಏನೇ ಬದಲಾದರೂ ಪೂರ್ತಿ ಬರೆದುಕೋ, ಅಕ್ಷರ ಬಿಡಬೇಡ. ಅಷ್ಟೇ, ನಲ್ಲಿ ಬಿಚ್ಚಿದ ಹಾಗೆ ಸಾಲುಗಳು ಸುರಿಯತೊಡಗಿದವು. ಹತ್ತೇ ನಿಮಿಷಕ್ಕೆ ನಮ್ಮ ಬಾಸ್ ಫೋನ್.

“ಇದೇನಮ್ಮಾ, ಲಾಗ್ ತುಂಬಿ ತುಳುಕ್ತಿದೆ? ಯಾರ ಕೆಲಸ?”

“ನಂದೇ ಸರ್. ನಾಳೆ ಸಂಜೆವರೆಗೆ.”

“ನಾಳೆ ಸಂಜೆ ಅಂದ್ರೆ ನಾಳೆ ಸಂಜೆ. ನಿಮ್ಮ ‘ಆಮೇಲೆ ತೆಗೀತೀನಿ’ ನನಗೆ ಗೊತ್ತು.”

ಗಂಡ ಅಡುಗೆಮನೆಯಿಂದ ತಲೆ ಹಾಕಿ ತಂಗಿಗೆ, “ಪುಟ್ಟೀ, ನಿಜ ಹೇಳು, ಕೈ ತಪ್ಪಿ ಏನಾದ್ರೂ ಒತ್ತಿದ್ಯಾ?” ಎಂದ. ಅವಳು ಬಟಾಣಿಯ ತಟ್ಟೆಯನ್ನು ಅವನ ಕೈಗಿಟ್ಟು, “ಇದನ್ನ ನೀನೇ ಬಿಡಿಸು, ನಾನು ಮುಟ್ಟಿದ್ರೆ ಮಾಯ ಆಗುತ್ತೆ,” ಎಂದು ಎದ್ದುಹೋದಳು. ಅವನು ನನ್ನ ಮುಖ ನೋಡಿದ. ನಾನು ಲಾಗ್ ನೋಡಿದೆ. ಅವನು ಕೇಳಿದ್ದನ್ನೇ ನಾನೂ ಕೇಳಬೇಕೆಂದಿದ್ದೆ. ಅವನು ಮೊದಲು ಬಾಯಿಬಿಟ್ಟ, ಅಷ್ಟೇ.

ಶುಕ್ರವಾರ ರಜೆ ಹಾಕಿ, ಮಗಳನ್ನು ಸ್ಕೂಲಿನಿಂದ ಕರೆತರುವುದನ್ನು ಗಂಡನ ತಲೆಗೆ ಕಟ್ಟಿ, ಆಸ್ಪತ್ರೆಗೆ ಹೋದೆ. ಕೌಂಟರಿನ ಒಳಗೆ, ಮೇವಿನ ಚೀಲಗಳ ನಡುವೆ ಒಂದು ಸ್ಟೂಲು ಸಿಕ್ಕಿತು. ಅಲ್ಲಿ ಕೂತು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು, ಅಳಿಸುವ ಸಾಲುಗಳು ಮಾತ್ರ ಕಾಣುವ ಹಾಗೆ ಸೋಸಿಕೊಂಡೆ. ಲಾಗಿನ ಗಡಿಯಾರ ನಮ್ಮ ಗಡಿಯಾರವಲ್ಲ, ಯಾವುದೋ ದೂರದ ಊರಿನದು. ಪ್ರತಿ ಸಲವೂ ಬೆರಳಲ್ಲಿ ಎಣಿಸಿ ಕೂಡಿಸಬೇಕು.

ನಾದಿನಿ ಕೆಲಸ ಮಾಡುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಬಾಗಿಲು ತೆರೆದ ಕೂಡಲೇ ನಾಯಿಗಳು ಅವಳ ಕಡೆ ತಿರುಗುತ್ತಿದ್ದವು. ಯಾವ ಬೆಕ್ಕಿಗೆ ಯಾವ ಬೆಕ್ಕು ಆಗಿಬರುವುದಿಲ್ಲ ಎಂದು ನೋಡಿ ಬೆಂಚಿನ ಎರಡು ಕೊನೆಗೆ ಕೂರಿಸುತ್ತಿದ್ದಳು. ಗಡಿಯಾರ ರಿಪೇರಿ ಮಾಡುವ ಮುದುಕರೊಬ್ಬರು ಆಮೆಯನ್ನು ಟೋಪಿಯಲ್ಲಿಟ್ಟುಕೊಂಡು ಬಂದರು.

“ಏನಾಗಿದೆ ಇದಕ್ಕೆ?”

“ಮಂಕಾಗಿದೆ.”

“ಆಮೆ ಮಂಕಾಗಿದೆ ಅಂತ ಹೇಗೆ ಗೊತ್ತಾಯ್ತು?”

“ಮೂವತ್ತು ವರ್ಷದಿಂದ ಜೊತೆಗಿದೀವಿ, ಗೊತ್ತಾಗಲ್ವೇನಮ್ಮಾ?”

ಅವಳು ನಗಲಿಲ್ಲ. ಆಮೆಯ ವಯಸ್ಸು, ಊಟ, ಮಂಕು ಎಲ್ಲ ಬರೆದುಕೊಂಡಳು. ಫೋನ್ ನಂಬರ್ ಕೇಳಿದರೆ, “ನನಗೆ ಕಿವಿ ಅಷ್ಟಕ್ಕಷ್ಟೇ, ಫೋನ್ ಯಾಕೆ?” ಎಂದರು. ಮನೆಯ ವಿಳಾಸವನ್ನು ಮಹಡಿಯ ಸಮೇತ ಬರೆದು, ಮಂಗಳವಾರ ಹತ್ತು ಗಂಟೆಗೆ ಎಂದು ಚೀಟಿ ಕೊಟ್ಟಳು. ನನ್ನ ಲಾಗಿನಲ್ಲೂ ಆಮೆ ಸೇರಿದ ಸಾಲು ನೆಟ್ಟಗೆ ಬಂತು.

ಊಟವಾಯಿತು. ಎರಡು ಗಂಟೆಯಾಯಿತು. ಅಳಿಸುವ ಸಾಲುಗಳ ಪಟ್ಟಿ ಖಾಲಿ. ನನ್ನ ಕಣ್ಣು ಮಾತ್ರ ಅವಳ ಕೈ ಬಿಟ್ಟು ಕದಲಲಿಲ್ಲ.

ಮೂರಕ್ಕೆ ಐದು ನಿಮಿಷವಿದ್ದಾಗ ಒಂದು ಬೂದು ಬೆಕ್ಕು ತನ್ನ ಒಡತಿಯ ಹೆಗಲಿನಿಂದ ಹಾರಿ ಔಷಧದ ಕಪಾಟು ಹತ್ತಿತು. ಡಾಕ್ಟರಮ್ಮ ಒಳಗಿನಿಂದ ಓಡಿಬಂದರು. ನಾದಿನಿ ಸ್ಟೂಲಿನಿಂದ ನನ್ನನ್ನು ಎಬ್ಬಿಸಿ, ಅದರ ಮೇಲೆ ಹತ್ತಿ, ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ ಎರಡೂ ತೋಳಲ್ಲಿ ಅಪ್ಪಿಕೊಂಡು ಇಳಿದಳು. ಬೆಕ್ಕಿನ ಮುಖ ಮಾತ್ರ ಹೊರಗಿತ್ತು. ಅದರಷ್ಟು ಅವಮಾನಗೊಂಡ ಮುಖ ನಾನು ನೋಡಿಲ್ಲ.

ಸರಿಯಾಗಿ ಮೂರಕ್ಕೆ ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಮೂಡಿತು. ಕೌಂಟರಿನ ಪರದೆ ನೋಡಿದೆ. ಮಂಗಳವಾರ ಹತ್ತು ಗಂಟೆ ಖಾಲಿ. ಆಮೆ ಇಲ್ಲ.

“ಹೋಯ್ತು!” ಎಂದೆ.

ಡಾಕ್ಟರಮ್ಮ ನನ್ನ ಭುಜದ ಮೇಲಿಂದ ಬಗ್ಗಿದರು. ಸಾಲಿನ ತಲೆ ಅಷ್ಟೇ ಕಾಣುತ್ತಿತ್ತು: ಸಮಯ, ಆಮೇಲೆ ‘ಬಳಕೆದಾರ: ಕೌಂಟರ್’.

“ನೋಡಿ. ಕೌಂಟರ್ ಅಂತಾನೇ ಬರ್ಕೊಂಡಿದೆ,” ಎಂದರು, ದನಿ ಏರಿಸದೆ. ಏರಿಸಿದ್ದರೆ ಚೆನ್ನಾಗಿತ್ತು.

“ಡಾಕ್ಟ್ರೇ!” ನಾದಿನಿ ಹೆಚ್ಚುಕಡಿಮೆ ಕಿರುಚಿದಳು. “ನನ್ನ ಕೈ ಎಲ್ಲಿದೆ ನೋಡಿ! ಮೂಗಲ್ಲಿ ಒತ್ತಿದ್ನಾ?”

ಬೆಕ್ಕೂ ಅವಳ ಪರವಾಗಿ ಒಮ್ಮೆ ಕೂಗಿತು.

ಉಳಿದ ಸಾಲನ್ನು ನೋಡಬೇಕಾದರೆ ಪಕ್ಕದ ಪುಟ್ಟ ಬಾಣದ ಗುರುತನ್ನು ಒತ್ತಬೇಕು. ಒತ್ತಿದೆ. ಆಜ್ಞೆ ಪೂರ್ತಿ ಬಿಚ್ಚಿಕೊಂಡಿತು: ಫೋನ್ ನಂಬರ್ ಇಲ್ಲದ ಅಪಾಯಿಂಟ್‌ಮೆಂಟ್‌ಗಳನ್ನೆಲ್ಲ ಅಳಿಸಿಹಾಕು. ಅದರ ಕೆಳಗೆ, ಆಜ್ಞೆ ಬರೆದವರು ತಮ್ಮ ನೆನಪಿಗಾಗಿ ಸೇರಿಸಿಕೊಳ್ಳುವ ಟಿಪ್ಪಣಿ. ಇಡೀ ಕಂಪನಿಯಲ್ಲಿ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುವವರು ಒಬ್ಬರೇ.

ನನ್ನ ಕಿವಿ ಬಿಸಿಯಾಯಿತು. ಆ ಕ್ಷಣದಲ್ಲಿ ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ: ಮುಚ್ಚಳ ಮುಚ್ಚಿ, ‘ಯಾವುದೋ ಯಂತ್ರದ ದೋಷ, ಸರಿಮಾಡ್ತೀನಿ’ ಎಂದರೆ ಮುಗಿಯುತ್ತಿತ್ತು. ನಾದಿನಿಯ ಕೆಲಸವೂ ಉಳಿಯುತ್ತಿತ್ತೇನೋ. ಆದರೆ ‘ಏನೋ’ ಎಂಬುದು ಅವಳ ಬೆನ್ನಿಗೆ ಅಂಟಿಕೊಂಡೇ ಇರುತ್ತಿತ್ತು. ಲ್ಯಾಪ್‌ಟಾಪನ್ನು ಅವರಿಬ್ಬರ ಕಡೆ ತಿರುಗಿಸಿದೆ.

ಕಣ್ಣಿಗೆ ಬಿದ್ದ ಅಕ್ಷರವನ್ನು ಗಟ್ಟಿಯಾಗಿ ಓದದೆ ಇರಲು ನಾದಿನಿಗೆ ಬರುವುದಿಲ್ಲ. ಬೆಕ್ಕನ್ನು ತೂಗುತ್ತ ಓದಿದಳು:

“‘ಇದು ತಾತ್ಕಾಲಿಕ. ದಿನಾ ಮಧ್ಯಾಹ್ನ ಮೂರಕ್ಕೆ. ಸೋಮವಾರ ಮರೆಯದೆ ತೆಗೆಯಬೇಕು. ಮಗೂಗೆ ಜ್ವರ, ಈಗ ಹೊರಟೆ.’”

ಬೆಂಚಿನ ಮೇಲಿದ್ದ ನಾಲ್ಕೂ ಜನ ಕತ್ತು ಚಾಚಿದರು, ಮೂರು ನಾಯಿಗಳೂ.

ಡಾಕ್ಟರಮ್ಮ ಕೇಳಿದರು, “ಯಾರ ಮಗೂಗೆ ಜ್ವರ?”

“ನನ್ನ ಮಗಳಿಗೆ,” ಎಂದೆ. “ಹದಿನಾಲ್ಕು ತಿಂಗಳ ಹಿಂದೆ.”

ಎಲ್ಲ ಹೇಳಿದೆ. ಸಾಫ್ಟ್‌ವೇರ್ ಇಲ್ಲಿಗೆ ಹಾಕಿದ ಮೊದಲ ವಾರ ಪರೀಕ್ಷೆಗೆಂದು ನಾವು ಸುಳ್ಳು ಪ್ರಾಣಿಗಳನ್ನು ತುಂಬಿದ್ದೆವು: ಹಲ್ಲುನೋವಿನ ಆನೆ, ನೆಗಡಿಯಾದ ಮೀನು. ಅವು ನಿಜವಾದ ನಾಯಿಬೆಕ್ಕುಗಳ ಜೊತೆ ಬೆರೆತುಹೋದವು. ಸುಳ್ಳು ಪ್ರಾಣಿಗೆ ಯಾವುದಕ್ಕೂ ಫೋನ್ ನಂಬರ್ ಕೊಟ್ಟಿರಲಿಲ್ಲ. ಹಾಗಾಗಿ ನಂಬರ್ ಇಲ್ಲದ್ದನ್ನು ದಿನಾ ಗುಡಿಸು ಎಂದು ಬರೆದಿಟ್ಟೆ. ಅವಸರದಲ್ಲಿ ನನ್ನ ಹೆಸರಿನಿಂದಲ್ಲದೆ ಕೌಂಟರಿನ ಹೆಸರಿನಿಂದಲೇ ಬರೆದಿಟ್ಟೆ. ಅದರ ಪಾಸ್‌ವರ್ಡು ಕೀಬೋರ್ಡಿನ ಕೆಳಗೆ ಅಂಟಿಸಿತ್ತು. ಸ್ಕೂಲಿನಿಂದ ಮೂರನೆಯ ಸಲ ಫೋನ್ ಬಂದಿತ್ತು. ಆ ಸೋಮವಾರ ಬಂತು, ಹೋಯಿತು, ಅದರ ಹಿಂದೆ ಇನ್ನೂ ಅರವತ್ತು ಸೋಮವಾರ ಹೋದವು.

“ಹಾಗಾದ್ರೆ ಹೋದ ವರ್ಷ ಯಾಕೆ ಏನೂ ಆಗ್ಲಿಲ್ಲ?” ಡಾಕ್ಟರಮ್ಮನ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ ಕೊಟ್ಟವಳು ನಾದಿನಿ. “ಹಳೆ ಕೌಂಟರಿನವ್ರು ನಂಬರ್ ಇಲ್ಲ ಅಂದ್ರೆ ಹತ್ತು ಸೊನ್ನೆ ಒತ್ತಿಬಿಡಿ ಅಂತ ನಂಗೂ ಹೇಳ್ಕೊಟ್ಟಿದ್ರು. ಇಲ್ದೆ ಇರೋ ನಂಬರ್ ನಾನ್ಯಾಕೆ ಬರೀಲಿ ಅಂತ ಖಾಲಿ ಬಿಡ್ತಿದ್ದೆ.”

ಡಾಕ್ಟರಮ್ಮ ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು. “ಐದು ವಾರದಿಂದ ನಿನ್ನ ಮೇಲೆ ಸಿಡುಕಿದ್ದೀನಿ,” ಎಂದರು ಅವಳಿಗೆ. “ತಪ್ಪಾಯ್ತು. ಸೋಮವಾರ ಅರ್ಧ ಗಂಟೆ ಬೇಗ ಬಾ, ಆಪರೇಷನ್ ಇದೆ, ಬೆಕ್ಕು ಹಿಡಿಯೋಕೆ ನಿನ್ನಂಥವಳು ಬೇಕು.” ಆಮೇಲೆ ನನ್ನ ಕಡೆ ತಿರುಗಿ, “ನೀವು ನಿಮ್ಮ ಬಾಸ್‌ಗೆ ಬರೆದು, ನನಗೊಂದು ಪ್ರತಿ ಕಳ್ಸಿ. ಕನ್ನಡದಲ್ಲೇ ಬರೀರಿ, ಚೆನ್ನಾಗಿ ಬರೀತೀರಿ,” ಎಂದರು.

ಆ ಆಜ್ಞೆಯನ್ನು ಅಲ್ಲೇ, ನಾದಿನಿಯ ಕಾವಲಿನಲ್ಲಿ ಕಿತ್ತುಹಾಕಿದೆ. “ಸರಿಯಾಗಿ ಹೋಯ್ತಾ? ಇನ್ನೊಂದ್ಸಲ ನೋಡಿ ಅತ್ತಿಗೆ,” ಎಂದು ಮೂರು ಸಲ ನೋಡಿಸಿದಳು. ಡೇಟಾಬೇಸಿನ ದಿನದಿನದ ನಕಲುಗಳನ್ನು ತೆಗೆದು ಹುಡುಕಿದಾಗ ಐದು ವಾರದಲ್ಲಿ ಮಾಯವಾದವರು ಹನ್ನೊಂದು ಜನ ಎಂದು ತಿಳಿಯಿತು. ಎಲ್ಲರಿಗೂ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ ಎಂದು ದೊಡ್ಡದಾಗಿ ಹೇಳಿ ಪಟ್ಟಿ ತೆಗೆದುಕೊಂಡೆ. ನಾದಿನಿ ನನ್ನನ್ನೇ ನೋಡುತ್ತ ಕಾದಳು. ಅರ್ಧ ನಿಮಿಷ ಹಿಡಿಯಿತು ನನಗೆ: ಹನ್ನೊಂದು ಜನರಲ್ಲಿ ಒಬ್ಬರಿಗೂ ಫೋನ್ ಇಲ್ಲ.

“ವಿಳಾಸ ಇದೆ,” ಎಂದಳು. “ಮಹಡಿ ಸಮೇತ.”

ಹಾಗೆ ಆರು ಗಂಟೆಗೆ ನಾವಿಬ್ಬರೂ ಗಿಳಿ ತಾತನ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆವು. ಐದನೆಯ ಮಹಡಿ, ಲಿಫ್ಟು ಕೆಟ್ಟಿತ್ತು. ಗೋಡೆಯ ಮೇಲೆ ಯಾರೋ ಸೈಕಲ್ ಉಜ್ಜಿದ ಗೆರೆಗಳು. ಮೂರನೆಯ ಮಹಡಿಯಲ್ಲಿ ಉಸಿರು ಕಟ್ಟಿ ನಿಂತಾಗ ಅವಳು ಕೇಳಿದಳು:

“ಅತ್ತಿಗೆ, ಬೆಳಿಗ್ಗೆಯಿಂದ ನೀವು ಲಾಗ್ ನೋಡ್ತಿದ್ರಾ, ನನ್ನ ಕೈ ನೋಡ್ತಿದ್ರಾ?”

ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸಿದೆ. “ಕೈ.”

“ಗೊತ್ತಾಯ್ತು.”

“ನಂಬಬೇಕಾಗಿತ್ತು. ನಂಬ್ಲಿಲ್ಲ. ಬೈಯೋದಿದ್ರೆ ಈಗ್ಲೇ ಬೈದ್ಬಿಡು, ಮೇಲೆ ಹೋದ್ರೆ ತಾತ ಬೈತಾರೆ, ಇಬ್ಬರದ್ದೂ ಒಟ್ಟಿಗೆ ತಡ್ಕೊಳೋಕಾಗಲ್ಲ.”

ಅವಳು ಬೈಯಲಿಲ್ಲ. ಮೆಟ್ಟಿಲ ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದಳು. “ನಾನೂ ನಂಬಿರ್ಲಿಲ್ಲ ಅತ್ತಿಗೆ. ಐದು ವಾರದಿಂದ ಪ್ರತಿ ಸಲ ಸೇವ್ ಒತ್ತಿದ್ಮೇಲೆ ಕೈ ಕಟ್ಕೊಂಡು ಕೂರ್ತಿದ್ದೆ. ಗೊತ್ತಿಲ್ದೆ ನಾನೇ ಅಳಿಸ್ತಿದೀನೇನೋ ಅಂತ.”

ಅವಳ ಕೈ ಹಿಡಿದುಕೊಂಡೆ. ಬೆಕ್ಕು ಪರಚಿದ ಗೀರು ಮಣಿಕಟ್ಟಿನವರೆಗೂ ಇತ್ತು.

ಐದನೆಯ ಮಹಡಿಯ ಬಾಗಿಲ ಮುಂದೆ ಅವಳು ಬೆಲ್ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು, ನನ್ನನ್ನು ಮುಂದಕ್ಕೆ ತಳ್ಳಿದಳು. ಒಳಗಿನಿಂದ, ತಾತನಿಗಿಂತ ಮೊದಲು, ಗಿಳಿ ಬೈಯಲು ಶುರುಮಾಡಿತು.