ನಲವತ್ತೊಂದು ತಲೆ

ಆ ಕಾಲದಲ್ಲಿ ವಿನಿಮಯ ವಿದ್ಯಾರ್ಥಿಗಳಿಗೆ ವಿಮಾನದ ಭಾಗ್ಯ ಇರಲಿಲ್ಲ. ಪರದೇಶದಿಂದ ಬಂದು, ಯಾರದೋ ಮನೆಯಲ್ಲಿ ಒಂದು ವರ್ಷ ಉಂಡು, ಇಲ್ಲಿ ಶಾಲೆ ಕಲಿತ ಮಕ್ಕಳನ್ನು ಊರೂರಿನಿಂದ ಬಾಚಿಕೊಂಡು ಬಂದರಿಗೆ ಮುಟ್ಟಿಸುವುದು ನನ್ನ ಬಸ್ಸಿನ ಕೆಲಸ. ಮೂರು ದಿನದ ದಾರಿ. ನಲವತ್ತೊಂದು ಮಕ್ಕಳು, ಒಬ್ಬೊಬ್ಬರೂ ನನ್ನ ತಲೆ ತಿನ್ನಲೆಂದೇ ಹುಟ್ಟಿದವರು. ಅವರನ್ನು ಕಾಯಲು ಸಂಸ್ಥೆಯವರು ಕಳಿಸಿದ್ದ ಸೀಟಿ ಮೇಡಂ. ಪ್ರತಿ ನಿಲುಗಡೆಯಲ್ಲೂ ಸೀಟಿ ಊದಿ, ಸೀಟುಗಳ ಹಿಂದೆ ನಿಂತು ತಲೆ ಎಣಿಸುತ್ತಿದ್ದರು. ಮುಖ ನೋಡುವ ಪದ್ಧತಿ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕೊನೆಯ ಹುಡುಗಿ ಕೆನ್ನೆ ಊದಿಸಿಕೊಂಡು ಹತ್ತಿದಳು. ಅವಳನ್ನು ಮನೆಯಲ್ಲಿಟ್ಟು ಸಾಕಿದ್ದ ಅಜ್ಜಿ ಅವಳ ಉಣ್ಣೆ ಕೋಟನ್ನು ಬಿಸಿನೀರಲ್ಲಿ ಒಗೆದು ಗೊಂಬೆಯ ಅಳತೆಗೆ ತಂದಿದ್ದರಂತೆ. ವರ್ಷವಿಡೀ ಜೊತೆಗೆ ಉಂಡವರು ಮಾತು ಬಿಟ್ಟಿದ್ದರು.

ಮೇಡಂ ಎಣಿಸಿದರು. ಚಳಿಗೆ ಎಲ್ಲರ ತಲೆಗೂ ಟೋಪಿ. ನಲವತ್ತೊಂದು. ಹೊರಟೆ.

ಎರಡು ಗಂಟೆಯ ನಂತರ ಚಹಾಕ್ಕೆ ನಿಲ್ಲಿಸಿದೆ. ಎಲ್ಲರೂ ಇಳಿದರು. ಒಂದು ಸೀಟಿನಲ್ಲಿ ಟೋಪಿ ಹಾಕಿಕೊಂಡ ಅದೇ ಅಜ್ಜಿ!

"ಅಜ್ಜಿ, ನೀವಿಲ್ಲಿ ಏನ್ಮಾಡ್ತಿದ್ದೀರಿ?"

"ಹುಡುಗಿ ಹತ್ರ ರಾಜಿಯಾಗೋಣ ಅಂತ ಮುಂದಿನ ಬಾಗಿಲಲ್ಲಿ ಹತ್ತಿದೆ. ಈ ಸೀಟಿ ಮಹಾತಾಯಿ ಕೂತ್ಕೊಳ್ಳಿ ಅಂತ ಕಿರುಚಿದ್ರು. ಕೂತೆ. ಅವಳು ಹಿಂದೆಲ್ಲೋ ಇರ್ತಾಳೆ, ನಿಂತಾಗ ಮಾತಾಡ್ಸೋಣ ಅಂದ್ಕೊಂಡೆ."

ಹಿಂದೆ ಎಲ್ಲಿ? ಅಜ್ಜಿ ಹತ್ತುವ ಹೊತ್ತಿಗೆ ಹುಡುಗಿ ಮೇಡಂ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿಂದ ಇಳಿದು ಹೋಗಿದ್ದಳು. ಹಡಗು ಸಂಜೆ ಐದಕ್ಕೆ. ತಪ್ಪಿದರೆ ಮುಂದಿನದು ತಿಂಗಳ ಮೇಲೆ. ಮೇಡಂನ, ಸೀಟಿಯನ್ನ, ಉಣ್ಣೆಯನ್ನ ಬಾಯಿಗೆ ಬಂದಂತೆ ಬೈಯುತ್ತಾ ಬಸ್ಸು ತಿರುಗಿಸಿದೆ.

ಹುಡುಗಿ ಮನೆಯ ಮೆಟ್ಟಿಲ ಮೇಲೆ ಅತ್ತು ಅತ್ತು ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದಳು. ತೊಟ್ಟಿದ್ದು ಅದೇ ಕೋಟು, ತೋಳು ಮೊಣಕೈವರೆಗೆ.

"ಎಲ್ಲಿಗೆ ಹೋಗಿದ್ದೆ ಅಜ್ಜಿ? ತಪ್ಪಾಯ್ತು ಅನ್ನೋಕೆ ಬಂದ್ರೆ ಮನೆಗೆ ಬೀಗ!"

"ಕತ್ತೆ, ನಿನ್ನ ಹುಡುಕ್ಕೊಂಡೇ ಕಣೇ ಹೋಗಿದ್ದು," ಎಂದು ಅಜ್ಜಿ ಅವಳನ್ನು ಬಾಚಿ ತಬ್ಬಿಕೊಂಡರು. ಇಬ್ಬರೂ ಗೊಳೋ ಎಂದು ಅತ್ತರು. ಸುಳ್ಳೇಕೆ ಹೇಳಲಿ, ನನಗೂ ಅಳು ಬಂತು.

ಹಡಗಿಗೆ ಇನ್ನೂ ಹೊತ್ತಿತ್ತು. ಹೊರಡುವಾಗ ಅಜ್ಜಿ ಹುಡುಗಿಯ ಕೈ ಬಿಡದೆ, ಬಂದರಿನವರೆಗೂ ಬಿಟ್ಟು ಬರಲು ತಾವೂ ಹತ್ತಿದರು. ಮೇಡಂ ಎಣಿಸಿ ಗಾಬರಿಯಾದರು.

"ನಲವತ್ತೆರಡು! ಲೆಕ್ಕ ತಪ್ಪಿದೆ, ಡ್ರೈವರೇ."

"ಲೆಕ್ಕ ಸರಿ ಬಂದಾಗ ಏನಾಯ್ತು ಅಂತ ನೋಡಿದ್ರಲ್ಲ, ಮೇಡಂ. ಕೂತ್ಕೊಳ್ಳಿ," ಎಂದು ಬಸ್ಸು ಬಿಟ್ಟೆ.